ಹೃದಯಾಘಾತದ ಅನಂತರ ಮನಸ್ಸಿನ ಆರೈಕೆ

ಹೃದಯಾಘಾತದಿಂದ ಪಾರಾಗಿ ಮನೆಗೆ ಮರಳಿದ ರೋಗಿಯ ಉಪ್ಪು, ಎಣ್ಣೆ, ಮಾತ್ರೆ, ನಡಿಗೆಗಳ ಬಗ್ಗೆ ಮನೆಮಂದಿ ವಹಿಸುವ ಎಚ್ಚರವನ್ನು ಆತನ ಮನಸ್ಸಿನ ಬಗ್ಗೆ ವಹಿಸುವುದು ವಿರಳ. ಆತನು ಮೌನವಾಗಿದ್ದರೆ ವಿಶ್ರಾಂತಿಯೆಂದೂ, ಕಣ್ಣೀರಿಟ್ಟರೆ ಧೈರ್ಯ ಸಾಲದೆಂದೂ ಭಾವಿಸುತ್ತಾರೆ. ಆದರೆ ಇದು ಧೈರ್ಯದ ಪ್ರಶ್ನೆಯಲ್ಲ. ಖಿನ್ನತೆಯೂ ಒಂದು ಕಾಯಿಲೆ, ಅದಕ್ಕೆ ಚಿಕಿತ್ಸೆಯುಂಟು.

ಕೆನಡಾದ ಮಾಂಟ್ರಿಯಲ್ ನಗರದಲ್ಲಿ ನ್ಯಾನ್ಸಿ ಫ್ರೇಶರ್-ಸ್ಮಿತ್ ಮತ್ತು ಸಂಗಡಿಗರು ಹೃದಯಾಘಾತಕ್ಕೊಳಗಾದ 222 ಮಂದಿಯನ್ನು ಅಭ್ಯಸಿಸಿ 1993ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಆರು ಮಂದಿಯಲ್ಲಿ ಸುಮಾರು ಒಬ್ಬರಿಗೆ ತೀವ್ರ ಖಿನ್ನತೆಯಿತ್ತು. ಮೊದಲ ಆರು ತಿಂಗಳಲ್ಲಿ ಅಂಥವರ ಮರಣದ ಅಪಾಯವು ಉಳಿದವರಿಗಿಂತ ಬಹಳ ಹೆಚ್ಚಾಗಿತ್ತು. ಅಮೆರಿಕದ ಹೃದ್ರೋಗ ಸಂಸ್ಥೆಯಾದ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಕೂಡ 2014ರಲ್ಲಿ ಖಿನ್ನತೆಯನ್ನು ಅಪಾಯಕಾರಿ ಅಂಶಗಳ ಸಾಲಿಗೆ ಸೇರಿಸಬೇಕೆಂದಿತು. ಖಿನ್ನನಾದವನು ಮಾತ್ರೆ ಮರೆಯುತ್ತಾನೆ, ನಡಿಗೆ ಬಿಡುತ್ತಾನೆ, ಧೂಮಪಾನಕ್ಕೆ ಮರಳುತ್ತಾನೆ. ನಿದ್ರೆಯೂ ಹಸಿವೂ ಕೆಡುತ್ತವೆ.

ಮೊದಲ ಕೆಲವು ದಿನಗಳ ಅಳುಕು ಸಹಜವಾದದ್ದೇ. ಆದರೆ ಎರಡು ವಾರಗಳಿಂದ ಬಹುತೇಕ ದಿನ ಮನಸ್ಸು ಕುಗ್ಗಿದೆಯೇ? ಹಿಂದೆ ಪ್ರಿಯವಾಗಿದ್ದ ಕೆಲಸಗಳಲ್ಲಿ ಆಸಕ್ತಿ ಹೋಗಿದೆಯೇ? ಈ ಎರಡು ಪ್ರಶ್ನೆಗಳಲ್ಲಿ ಒಂದಕ್ಕಾದರೂ ಹೌದೆಂದರೆ ಹೃದ್ರೋಗ ತಜ್ಞರಿಗೆ ತಿಳಿಸಬೇಕು. ಆಯಾಸಕ್ಕೆ ಹೃದಯದ ದೌರ್ಬಲ್ಯವೋ ಥೈರಾಯಿಡ್ ದೋಷವೋ ಕಾರಣವಾಗಿರಬಹುದು. ಅದನ್ನು ಪರೀಕ್ಷೆಯೇ ನಿರ್ಣಯಿಸಬೇಕು. ಬದುಕುವುದು ಬೇಡವೆಂಬ ಮಾತು ಬಂದರೆ ಅಂದೇ ವೈದ್ಯರನ್ನು ಕಾಣಬೇಕು, ರೋಗಿಯನ್ನು ಒಂಟಿಯಾಗಿ ಬಿಡಬಾರದು.

ಆಪ್ತ ಸಮಾಲೋಚನೆ, ವ್ಯಾಯಾಮ ಹಾಗೂ ಅಗತ್ಯವಿದ್ದರೆ ಔಷಧಿ, ಇವು ಚಿಕಿತ್ಸೆಯ ಮಾರ್ಗಗಳು. ಸರ್ಟ್ರಲೀನ್ ಎಂಬ ಔಷಧಿಯು ಹೃದ್ರೋಗಿಗಳಿಗೆ ಸುರಕ್ಷಿತವೆಂಬುದನ್ನು 2002ರ ಅಧ್ಯಯನವೊಂದು ಸೂಚಿಸಿತು. ಆದರೆ ಆಸ್ಪಿರಿನ್‌ನಂಥ ಔಷಧಿಯೊಡನೆ ಇಂಥ ಮಾತ್ರೆ ಸೇರಿದಾಗ ರಕ್ತಸ್ರಾವದ ಸಂಭವ ಹೆಚ್ಚುವುದರಿಂದ ವೈದ್ಯರ ಸಲಹೆಯಿಲ್ಲದೆ ತೆಗೆದುಕೊಳ್ಳಲೂ ಬಾರದು, ಬಿಡಲೂ ಬಾರದು. 2003ರಲ್ಲಿ ಪ್ರಕಟವಾದ ಒಂದು ದೊಡ್ಡ ಪ್ರಯೋಗದಲ್ಲಿ ಚಿಕಿತ್ಸೆಯಿಂದ ಖಿನ್ನತೆ ತಗ್ಗಿತು. ಆಯುಷ್ಯ ಹೆಚ್ಚಿತೆಂಬುದು ಮಾತ್ರ ಸಿದ್ಧವಾಗಲಿಲ್ಲ. ಆದರೂ ಉಳಿದ ಬದುಕು ಹಗುರವಾಗುವುದು ಸಣ್ಣ ಲಾಭವೇನಲ್ಲ.

ಮನೆಯವರ ಅತಿ ಕಾಳಜಿಯೂ ಕೆಲವೊಮ್ಮೆ ಹಾನಿ ಮಾಡುತ್ತದೆ. ತರಕಾರಿಯ ಚೀಲದಿಂದ ಬ್ಯಾಂಕಿನ ಪಾಸ್‌ಪುಸ್ತಕದವರೆಗೆ ಎಲ್ಲವನ್ನೂ ಕೈಯಿಂದ ಕಸಿದುಕೊಂಡರೆ, ತಾನು ಯಾರಿಗೂ ಬೇಡವಾದೆನೆಂಬ ಭಾವನೆ ರೋಗಿಯಲ್ಲಿ ಬೇರೂರುತ್ತದೆ. ವೈದ್ಯರು ಒಪ್ಪಿದ ಸಣ್ಣಪುಟ್ಟ ಹೊಣೆಗಳನ್ನು ಒಂದೊಂದಾಗಿ ಮರಳಿಸುವುದು ಲೇಸು.

ಹೈದರಾಬಾದಿನ ಕನ್ನಡಿಗರಿಗೆ ಇನ್ನೊಂದು ತೊಡಕುಂಟು. ಎದೆನೋವನ್ನು ತೆಲುಗಿನಲ್ಲಿಯೋ ಹಿಂದಿಯಲ್ಲಿಯೋ ಹೇಳಬಹುದು. ಮನಸ್ಸಿನ ಬೇಗುದಿ ತಾಯ್ನುಡಿಯಲ್ಲಲ್ಲದೆ ಬಾಯಿಗೆ ಬರುವುದು ಕಷ್ಟ. ಕೇಂದ್ರ ಸರ್ಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ದೂರವಾಣಿ ಸೇವೆಯು 14416 ಸಂಖ್ಯೆಯಲ್ಲಿ ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಉಚಿತವಾಗಿ ದೊರೆಯುತ್ತದೆ. ನಗರದ ಎರ್ರಗಡ್ಡದಲ್ಲಿ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆಯಿದೆ. ವೈದ್ಯರ ಬಳಿಗೆ ಹೋಗುವಾಗ ರೋಗಿಯ ಮಾತನ್ನು ಅರಿತು ಹೇಳಬಲ್ಲ ಆಪ್ತರೊಬ್ಬರು ಜೊತೆಗಿದ್ದರೆ ಒಳ್ಳೆಯದು.

ಬಂಧುಗಳು ಊರಿನಲ್ಲಿದ್ದು ಇಲ್ಲಿ ನೆರೆಯವರೇ ಬಳಗವಾಗಿರುವಾಗ, ರೋಗಿಯನ್ನು ನೋಡಲು ಹೋದವರು ಹಣ್ಣು ಕೊಟ್ಟು ಹಿಂದಿರುಗದೆ, ಸಂಜೆ ಅವರೊಡನೆ ನಾಲ್ಕು ಹೆಜ್ಜೆ ನಡೆದು, ಉಪದೇಶ ಬದಿಗಿಟ್ಟು ಅವರ ಮಾತನ್ನು ಕೇಳಿದರೆ ಅದೇ ದೊಡ್ಡ ಉಪಕಾರ.