ಕಡತದ ಪ್ರಯಾಣ

ಕುಮಟಾ ತಾಲ್ಲೂಕಿನ ಬಾಡವು ಕಡಲ ತಡಿಯ ಗ್ರಾಮ. ಭಟ್ಕಳದಿಂದ ಹೊನ್ನಾವರವನ್ನು ಹಾದು ಕುಮಟೆಯವರೆಗೆ ಹಬ್ಬಿರುವ ಈ ಕರಾವಳಿಯಲ್ಲಿ, ಯಕ್ಷಗಾನ ಪ್ರಸಂಗಗಳನ್ನು ಕೈಯಿಂದ ಬರೆದಿಟ್ಟ ಹಳೆಯ ಪುಸ್ತಕಗಳು ಕೆಲವು ಮನೆಗಳ ಅಟ್ಟದ ಪೆಟ್ಟಿಗೆಗಳಲ್ಲಿ ಇನ್ನೂ ಉಂಟು. ಮಳೆಗಾಲದ ತೇವವೂ ಒರಲೆಯೂ ಅವುಗಳ ಹಗೆಗಳು. ಕೆಲವು ವರ್ಷಗಳ ಹಿಂದೆ ನಮ್ಮ ವಿದ್ಯಾರ್ಥಿಗಳು ಬಾಡದ ಒಂದು ಮನೆಯಲ್ಲಿ ಅಂಥ ಪುಸ್ತಕವೊಂದರ ಪುಟಗಳ ಛಾಯಾಚಿತ್ರಗಳನ್ನು ತೆಗೆದು, ಅವನ್ನು ದೂರದ ಭಂಡಾರದಲ್ಲಿ ಕಾಪಿಡಲು ಹೊರಟರು. ಆ ಕೆಲಸದಲ್ಲಿ ನಾವು ಕಲಿತದ್ದನ್ನು ಇಲ್ಲಿ ವಾಚಕರ ಮುಂದಿಡುತ್ತೇವೆ.

‘ಫೈಲ್’ ಎಂಬುದಕ್ಕೆ ಕನ್ನಡದಲ್ಲಿ ‘ಕಡತ’ವೆನ್ನುತ್ತೇವೆ. ಮೂಲದಲ್ಲಿ ಕಡತವೆಂದರೆ ಬಟ್ಟೆಗೆ ಕಪ್ಪು ಬಳಿದು ಮಡಿಸಿ, ಬಳಪದಿಂದ ಬರೆಯುತ್ತಿದ್ದ ಪುಸ್ತಕ. ಇಂದಿನ ಕಡತವು ಸೊನ್ನೆ ಮತ್ತು ಒಂದುಗಳ ದೀರ್ಘವಾದ ಸಾಲು. ಅದನ್ನು ಭಂಡಾರಕ್ಕೆ ಏರಿಸುವುದು, ಅಲ್ಲಿಯೇ ಪ್ರತಿ ಮಾಡುವುದು, ಮರಳಿ ಇಳಿಸಿಕೊಳ್ಳುವುದು ಈ ಮೂರು ಕ್ರಿಯೆಗಳನ್ನು ಕ್ರಮವಾಗಿ ಪರಿಶೀಲಿಸೋಣ.

ಭಂಡಾರವೂ ಲೈಬ್ರರಿಯೂ

ದೂರದ ಭಂಡಾರವನ್ನು ‘ಕ್ಲೌಡ್’ ಎಂದು, ಅಂದರೆ ಮೋಡವೆಂದು, ಕರೆಯುವುದು ವಾಡಿಕೆ. ಹೆಸರು ಮೋಡವಾದರೂ ಅದು ಇರುವುದು ನೆಲದ ಮೇಲೆಯೇ. ಸಾವಿರಾರು ಡಿಸ್ಕುಗಳನ್ನು ಜೋಡಿಸಿಟ್ಟ ಕಟ್ಟಡಗಳಲ್ಲಿ. ಉದಾಹರಣೆಗೆ, 2006ರ ಮಾರ್ಚ್ 14ರಂದು ಆರಂಭವಾದ ಅಮೆಜಾನ್ ಎಸ್3 ಎಂಬ ಭಂಡಾರವನ್ನು ತೆಗೆದುಕೊಳ್ಳೋಣ. ಭಾರತದಲ್ಲಿ ಅಮೆಜಾನಿನ ಇಂಥ ಕೇಂದ್ರಗಳು ಮುಂಬಯಿಯಲ್ಲಿ 2016ರಲ್ಲಿಯೂ ಹೈದರಾಬಾದಿನಲ್ಲಿ 2022ರಲ್ಲಿಯೂ ತೆರೆದವು. ಇಲ್ಲಿ ಕಡತಗಳನ್ನು ‘ಬಕೆಟ್’ ಎಂಬ ಪಾತ್ರೆಗಳಲ್ಲಿ ಇಡುತ್ತಾರೆ. ಪ್ರತಿಯೊಂದು ಕಡತಕ್ಕೂ ‘ಕೀ’ ಎಂಬ ಹೆಸರು ಇರುತ್ತದೆ. ಆ ಹೆಸರಿನಲ್ಲಿ ಓರೆಗೆರೆಗಳಿದ್ದರೆ ಕಪಾಟಿನೊಳಗೆ ಖಾನೆಗಳಿರುವಂತೆ ತೋರುತ್ತದೆ. ವಾಸ್ತವವಾಗಿ ಅಲ್ಲಿ ಖಾನೆಗಳಿಲ್ಲ. ಓರೆಗೆರೆಯೂ ಹೆಸರಿನ ಒಂದು ಅಕ್ಷರ ಮಾತ್ರ.

ಈ ಭಂಡಾರದೊಡನೆ ವ್ಯವಹರಿಸಲು ಕಂಪ್ಯೂಟರು ಬಹಳ ನಿಯಮಗಳನ್ನು ಪಾಲಿಸಬೇಕು. ಅವನ್ನೆಲ್ಲ ನಾವು ಪ್ರತಿ ಸಲವೂ ಬರೆಯಬೇಕಾಗಿಲ್ಲ. ಗುಣಾಕಾರಕ್ಕೆ ಕೂತಾಗ ಲಾಗರಿತಮ್ಮುಗಳನ್ನು ಮೊದಲಿನಿಂದ ಕಂಡುಹಿಡಿಯದೆ ಕೋಷ್ಟಕವನ್ನು ತೆರೆಯುತ್ತೇವಷ್ಟೆ. ಹಾಗೆಯೇ, ಬಲ್ಲವರು ಮೊದಲೇ ಬರೆದು ಪರೀಕ್ಷಿಸಿಟ್ಟ ಆಜ್ಞೆಗಳ ಸಂಗ್ರಹಕ್ಕೆ ‘ಲೈಬ್ರರಿ’ ಎಂದು ಹೆಸರು. ಪೈಥಾನ್ ಭಾಷೆಯಲ್ಲಿ ಎಸ್3ಗೆ ಬಳಸುವ ಲೈಬ್ರರಿಯ ಹೆಸರು ಬೋಟೊ3. ಬೋಟೊ ಎಂಬುದು ಅಮೆಜಾನ್ ನದಿಯ ಒಂದು ಡಾಲ್ಫಿನ್ನು. ಈ ಲೈಬ್ರರಿಯಲ್ಲಿ ಏರಿಸಲು ‘ಅಪ್‌ಲೋಡ್ ಫೈಲ್’, ಪ್ರತಿ ಮಾಡಲು ‘ಕಾಪಿ’, ಇಳಿಸಲು ‘ಡೌನ್‌ಲೋಡ್ ಫೈಲ್’ ಎಂಬ ಆಜ್ಞೆಗಳಿವೆ. ಏರಿಸುವಾಗ ನಮ್ಮ ಕಡತದ ಹೆಸರನ್ನು ಮೊದಲು ಹೇಳಿ ಅನಂತರ ಬಕೆಟ್, ಕೀಗಳನ್ನು ಹೇಳಬೇಕು. ಇಳಿಸುವಾಗ ಬಕೆಟ್, ಕೀಗಳು ಮೊದಲು, ನಮ್ಮ ಕಡತದ ಹೆಸರು ಕೊನೆಗೆ. ಹೊಸಬರಿಗೆ ಇದು ಗೊಂದಲವೆನಿಸುತ್ತದೆ. ಆದರೆ ‘ಎಲ್ಲಿಂದ’ ಎಂಬುದು ಮೊದಲು, ‘ಎಲ್ಲಿಗೆ’ ಎಂಬುದು ಆಮೇಲೆ ಎಂಬ ಒಂದೇ ಸೂತ್ರವನ್ನು ನೆನಪಿಟ್ಟರೆ ಮೂರೂ ಆಜ್ಞೆಗಳು ಸುಲಭವಾಗುತ್ತವೆ.

ಏರಿಸುವಿಕೆ

ನಮ್ಮ ಕಟ್ಟಿನಲ್ಲಿ 180 ಚಿತ್ರಗಳಿದ್ದವು. ಒಂದೊಂದು ಚಿತ್ರವೂ ಸುಮಾರು 5 ಮೆಗಾಬೈಟ್. ಒಟ್ಟು 900 ಮೆಗಾಬೈಟ್. ಒಂದು ಬೈಟಿಗೆ 8 ಬಿಟ್ಟುಗಳಾದುದರಿಂದ ಕಳುಹಿಸಬೇಕಾದದ್ದು 7200 ಮೆಗಾಬಿಟ್. ಸಂಪರ್ಕದ ವೇಗ ಸೆಕೆಂಡಿಗೆ 4 ಮೆಗಾಬಿಟ್ ಎಂದಿಟ್ಟುಕೊಂಡರೆ 1800 ಸೆಕೆಂಡುಗಳು, ಎಂದರೆ ಅರ್ಧ ಗಂಟೆ ಬೇಕು.

ಆಷಾಢದ ಗಾಳಿಮಳೆಯಲ್ಲಿ ಸಂಪರ್ಕವು ಅರ್ಧ ಗಂಟೆ ಎಡೆಬಿಡದೆ ನಿಲ್ಲುವುದೇ? ಸರಾಸರಿ 10 ನಿಮಿಷಕ್ಕೊಮ್ಮೆ, ಯಾವ ಕ್ರಮವೂ ಇಲ್ಲದೆ ಅದು ಕಡಿಯುತ್ತದೆಂದು ಭಾವಿಸೋಣ. ವಿಕಿರಣಶೀಲ ಪರಮಾಣುಗಳ ಕ್ಷಯಕ್ಕೆ ಅನ್ವಯಿಸುವ ನಿಯಮವೇ ಇಲ್ಲಿಗೂ ಅನ್ವಯಿಸುತ್ತದೆ. 30 ನಿಮಿಷ ಕಡಿಯದೆ ಉಳಿಯುವ ಸಂಭವವು ‘ಇ’ ಎಂಬ ಸಂಖ್ಯೆಯ ಋಣ 3ನೆಯ ಘಾತ. ಅದು ಸುಮಾರು 0.05. ಎಂದರೆ 20 ಸಲ ಪ್ರಯತ್ನಿಸಿದರೆ ಒಂದು ಸಲ ಗೆಲುವು!

ಇದಕ್ಕೆ ಉಪಾಯವೇನು? ಕಡತವನ್ನು ತುಂಡುಮಾಡಿ ಕಳುಹಿಸುವುದು. ದೊಡ್ಡ ಕಡತ ಬಂದಾಗ ಬೋಟೊ3 ತಾನಾಗಿಯೇ ಅದನ್ನು 8 ಮೆಗಾಬೈಟಿನ ತುಂಡುಗಳಾಗಿ ಒಡೆಯುತ್ತದೆ. ನಮ್ಮ ಕಟ್ಟು 113 ತುಂಡುಗಳಾಗುತ್ತದೆ. ಕೊನೆಯದು ಮಾತ್ರ 4 ಮೆಗಾಬೈಟ್. ಒಂದಾದ ಮೇಲೊಂದರಂತೆ ಕಳುಹಿಸಿದರೆ ತುಂಡೊಂದಕ್ಕೆ 16 ಸೆಕೆಂಡು ಸಾಕು. 16 ಸೆಕೆಂಡು ಸಂಪರ್ಕ ಉಳಿಯುವ ಸಂಭವವು ಮೇಲಿನ ನಿಯಮದಂತೆಯೇ ಸುಮಾರು 0.97. ಕಡಿದರೂ ಆ ಒಂದು ತುಂಡನ್ನು ಮತ್ತೆ ಕಳುಹಿಸಿದರಾಯಿತು. ಕೂಲಿಯವನು ಇಡೀ ಅಕ್ಕಿಯ ರಾಶಿಯನ್ನು ಒಮ್ಮೆಲೇ ಹೊರದೆ ಮೂಟೆ ಮೂಟೆಯಾಗಿ ಸಾಗಿಸುವಂತೆ ಇದು.

ಒಂದು ಎಚ್ಚರಿಕೆಯ ಮಾತು. ಲೈಬ್ರರಿಯು ಸೋತ ತುಂಡನ್ನು ಕೆಲವು ಸಲ ಮಾತ್ರ ಮರುಪ್ರಯತ್ನಿಸಿ, ಆಮೇಲೆ ಇಡೀ ಕೆಲಸವನ್ನೇ ಕೈಬಿಡುತ್ತದೆ. ವಿದ್ಯುತ್ತು ಹೋಗಿ ಕಂಪ್ಯೂಟರೇ ನಿಂತರೂ ಬಿಟ್ಟಲ್ಲಿಂದ ಮುಂದುವರಿಸಬೇಕೆನ್ನುವವರು, ಏರಿಸುವಿಕೆಯನ್ನು ಆರಂಭಿಸುವ, ತುಂಡನ್ನು ಕಳುಹಿಸುವ, ಸೇರಿದ ತುಂಡುಗಳನ್ನು ಪಟ್ಟಿಮಾಡುವ, ಕೊನೆಗೆ ಎಲ್ಲವನ್ನೂ ಬೆಸೆಯುವ ಬಿಡಿ ಆಜ್ಞೆಗಳನ್ನು ತಾವೇ ಬಳಸಬೇಕು. ಬೆಸೆಯುವ ಆಜ್ಞೆ ಬಾರದವರೆಗೆ ಭಂಡಾರದಲ್ಲಿ ಕಡತವೆಂಬುದು ಇಲ್ಲ. ಆದರೂ ಅಲ್ಲಿ ಬಿದ್ದಿರುವ ತುಂಡುಗಳಿಗೆ ಬಾಡಿಗೆ ಏರುತ್ತಲೇ ಇರುತ್ತದೆ. ಬೇಡವಾದರೆ ಅವನ್ನು ತೆಗೆಸಬೇಕು.

ತಾಳೆಯ ಸಂಖ್ಯೆ

ಕಳುಹಿಸಿದ್ದು ತಪ್ಪಿಲ್ಲದೆ ಸೇರಿತೆಂದು ತಿಳಿಯುವುದು ಹೇಗೆ? ಈ ಪ್ರಶ್ನೆ ಹೊಸದಲ್ಲ. ಓಲೆಗರಿಯ ಕಾಲದ ಲಿಪಿಕಾರರು 32 ಅಕ್ಷರಗಳನ್ನು ಒಂದು ‘ಗ್ರಂಥ’ವೆಂದು ಎಣಿಸಿ, ಪ್ರತಿಯ ಕೊನೆಯಲ್ಲಿ ಗ್ರಂಥಸಂಖ್ಯೆಯನ್ನು ನಮೂದಿಸುವುದುಂಟು. ಹೊಸ ಪ್ರತಿಯ ಸಂಖ್ಯೆಯು ಮೂಲದ್ದರೊಡನೆ ತಾಳೆಯಾಗದಿದ್ದರೆ ಎಲ್ಲಿಯೋ ಬಿಟ್ಟುಹೋಗಿದೆಯೆಂದು ಅರ್ಥ. ಆದರೆ ಒಂದಕ್ಷರದ ಬದಲು ಇನ್ನೊಂದನ್ನು ಬರೆದರೆ ಈ ಎಣಿಕೆಗೆ ಅದು ಗೊತ್ತಾಗದು.

ಇಂದಿನ ವಿಧಾನಗಳು ಇನ್ನೂ ಸೂಕ್ಷ್ಮವಾದುವು. ಎಂಡಿ5 ಎಂಬ ಕ್ರಮವು ಎಷ್ಟೇ ದೊಡ್ಡ ಕಡತದಿಂದಲಾದರೂ 128 ಬಿಟ್ಟುಗಳ ಒಂದು ಸಂಖ್ಯೆಯನ್ನು ಹಿಂಡಿ ತೆಗೆಯುತ್ತದೆ. ಕಡತದಲ್ಲಿ ಒಂದೇ ಬಿಟ್ಟು ಬದಲಾದರೂ ಈ ಸಂಖ್ಯೆ ಸಂಪೂರ್ಣ ಬೇರೆಯಾಗುತ್ತದೆ. ಬೇಕೆಂದೇ ಮಾಡಿದ ಮೋಸವನ್ನು ಹಿಡಿಯಲು ಎಂಡಿ5 ಸಾಲದು, ಅದಕ್ಕೆ ಎಸ್‌ಎಚ್‌ಎ-256 ಮೊದಲಾದ ಬಲವಾದ ಕ್ರಮಗಳಿವೆ. ಆಕಸ್ಮಿಕ ತಪ್ಪಿಗೆ ಇದು ಸಾಕು. ಎಸ್3 ಭಂಡಾರದಲ್ಲಿ ಚಿಕ್ಕ ಕಡತಗಳಿಗೆ ಸಾಮಾನ್ಯವಾಗಿ ಈ ಸಂಖ್ಯೆಯೇ ‘ಈಟ್ಯಾಗ್’ ಎಂಬ ಗುರುತು. ತುಂಡುಗಳಾಗಿ ಸೇರಿದ ಕಡತದ ಗುರುತು ಮಾತ್ರ ಬೇರೆ: ತುಂಡುಗಳ ಸಂಖ್ಯೆಗಳನ್ನು ಒಟ್ಟುಗೂಡಿಸಿ ಮತ್ತೊಮ್ಮೆ ಹಿಂಡಿದ್ದು, ಕೊನೆಯಲ್ಲಿ ಒಂದು ಅಡ್ಡಗೆರೆ, ತುಂಡುಗಳ ಎಣಿಕೆ. ನಮ್ಮ ಕಡತದ ಗುರುತಿನ ಕೊನೆಗೆ 113 ಎಂದಿರುತ್ತದೆ. ಇದನ್ನು ಅರಿಯದವರು ಎರಡು ಸಂಖ್ಯೆಗಳು ಹೊಂದದೆ ಇರುವುದನ್ನು ಕಂಡು ವ್ಯರ್ಥವಾಗಿ ಗಾಬರಿಯಾಗುತ್ತಾರೆ.

ಪ್ರತಿ ಮತ್ತು ಇಳಿಸುವಿಕೆ

ಭಂಡಾರದಲ್ಲಿರುವ ಕಡತದ ಇನ್ನೊಂದು ಪ್ರತಿ ಬೇಕಾದಾಗ ಅದನ್ನು ಬಾಡಕ್ಕೆ ಇಳಿಸಿ ಮತ್ತೆ ಏರಿಸುವುದು ಅವಿವೇಕ. ‘ಕಾಪಿ’ ಆಜ್ಞೆಯನ್ನು ಕೊಟ್ಟರೆ ಭಂಡಾರವೇ ಒಳಗಿಂದೊಳಗೆ ಪ್ರತಿ ಮಾಡಿಕೊಳ್ಳುತ್ತದೆ. ನಮ್ಮ ತಂತಿಯಲ್ಲಿ ಹರಿಯುವುದು ಆಜ್ಞೆಯ ಕೆಲವು ಅಕ್ಷರಗಳು ಮಾತ್ರ. ಮುಂಬಯಿಯ ಬಕೆಟ್ಟಿನಿಂದ ಹೈದರಾಬಾದಿನ ಬಕೆಟ್ಟಿಗೆ ಪ್ರತಿ ಮಾಡಿದರೆ ಒಂದು ಊರಿನ ಆಪತ್ತು ಇನ್ನೊಂದನ್ನು ಮುಟ್ಟದು.

ಪ್ರತಿಯ ಬೆಲೆ ಏನೆಂಬುದಕ್ಕೆ ನಮ್ಮ ನಾಡಿನದೇ ನಿದರ್ಶನವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಪ್ರಮುಖ ಪಾತ್ರ ವಹಿಸಿದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಹಲವು ಭಾಷೆಗಳ ಹಳೆಯ ಪುಸ್ತಕಗಳು ಚಿತ್ರರೂಪಕ್ಕೆ ಬಂದವು, ಕನ್ನಡದವೂ ಬಹಳವಿದ್ದವು. 2017ರ ಸುಮಾರಿಗೆ ಆ ಜಾಲತಾಣ ಮುಚ್ಚಿಹೋಯಿತು. ಆದರೆ ಅಷ್ಟರಲ್ಲಿ ಅಲ್ಲಿನ ಪುಸ್ತಕಗಳಲ್ಲಿ ಲಕ್ಷಾಂತರ, 1996ರಲ್ಲಿ ಸ್ಥಾಪಿತವಾದ ಇಂಟರ್ನೆಟ್ ಆರ್ಕೈವ್ ಎಂಬ ಭಂಡಾರಕ್ಕೆ ಪ್ರತಿಯಾಗಿದ್ದುವು. ಇಂದು ಕನ್ನಡದ ವಿದ್ಯಾರ್ಥಿಗಳು ಅವನ್ನು ಅಲ್ಲಿಂದಲೇ ಇಳಿಸಿ ಓದುತ್ತಾರೆ. ಆ ಭಂಡಾರಕ್ಕೂ ಪೈಥಾನಿನ ಲೈಬ್ರರಿಯೊಂದಿದೆ. ಅಲ್ಲಿಯೂ ಪ್ರತಿಯೊಂದು ಕಡತದ ಜೊತೆಗೆ ಎಂಡಿ5 ಸಂಖ್ಯೆಯನ್ನು ದಾಖಲಿಸಿರುತ್ತಾರೆ.

ಇಳಿಸುವಾಗ ಬೋಟೊ3 ಒಂದು ಜಾಣತನವನ್ನು ತೋರುತ್ತದೆ. ಕಡತವನ್ನು ಮೊದಲು ತಾತ್ಕಾಲಿಕ ಹೆಸರಿನಲ್ಲಿ ಬರೆದು, ಪೂರ್ತಿಯಾದ ಮೇಲೆಯೇ ನಾವು ಕೊಟ್ಟ ಹೆಸರನ್ನು ಇಡುತ್ತದೆ. ಆದುದರಿಂದ ಅರ್ಧಕ್ಕೆ ನಿಂತ ಕಡತವು ಪೂರ್ಣ ಕಡತದ ವೇಷವನ್ನು ಹಾಕಿಕೊಂಡು ನಮ್ಮನ್ನು ವಂಚಿಸಲಾರದು.

ನಮ್ಮ ತಪ್ಪು

ಇಷ್ಟೆಲ್ಲವನ್ನೂ ಬಲ್ಲವರೇ ನಾವು. ನಮ್ಮ ಕಟ್ಟು ಭಂಡಾರವನ್ನು ಸೇರಿತು, ಇಳಿಸಿ ನೋಡಿದೆವು, ಎಂಡಿ5 ಸಂಖ್ಯೆಗಳು ತಾಳೆಯಾದುವು. ಎಲ್ಲವೂ ಸರಿಯೆಂದು ಫೋನಿನಲ್ಲಿದ್ದ ಮೂಲ ಚಿತ್ರಗಳನ್ನು ಅಳಿಸಿಬಿಡಲು ವಿದ್ಯಾರ್ಥಿಗಳಿಗೆ ಹೇಳಿದವರೂ ನಾವೇ. ತಿಂಗಳ ಬಳಿಕ ಪುಟಗಳನ್ನು ಓದಲು ಕುಳಿತಾಗ ಪ್ರಸಂಗಕ್ಕೆ ಮಂಗಳವೇ ಇರಲಿಲ್ಲ. ಪುಸ್ತಕದಲ್ಲಿದ್ದ ಪುಟಗಳು 192. ಕಟ್ಟಿನಲ್ಲಿದ್ದ ಚಿತ್ರಗಳು 180. ಫೋನಿನಿಂದ ಕಂಪ್ಯೂಟರಿಗೆ ಸಾಗಿಸುವಾಗ ತಂತಿ ಸಡಿಲವಾಗಿ ಕೊನೆಯ 12 ಚಿತ್ರಗಳು ಬಂದೇ ಇರಲಿಲ್ಲ.

ಶ್ರಾವಣದಲ್ಲಿ ಮತ್ತೆ ಬಾಡಕ್ಕೆ ಹೋದೆವು. ಮನೆಯ ಅಜ್ಜಿ ಪೆಟ್ಟಿಗೆಯನ್ನು ತೆಗೆದುಕೊಟ್ಟರು. ತೇವ ಹಿಡಿದು ಕೊನೆಯ ಆರು ಹಾಳೆಗಳು ಒಂದಕ್ಕೊಂದು ಅಂಟಿದ್ದವು. ನಾಲ್ಕನ್ನು ಬಿಡಿಸಲು ಸಾಧ್ಯವಾಯಿತು. ಎರಡು ಕೈಯಲ್ಲಿಯೇ ಪುಡಿಯಾದವು. ಆ ನಾಲ್ಕು ಪುಟಗಳು ಈಗ ಎಲ್ಲಿಯೂ ಇಲ್ಲ.

ಇದು ಭಂಡಾರದ ತಪ್ಪಲ್ಲ, ಲೈಬ್ರರಿಯ ತಪ್ಪೂ ಅಲ್ಲ. ತಾಳೆಯ ಸಂಖ್ಯೆಯು, ಪ್ರತಿಯು ಕಳುಹಿಸಿದ ಕಡತದಂತೆಯೇ ಇದೆಯೆಂದು ಹೇಳುತ್ತದೆ. ಕಳುಹಿಸಿದ್ದು ಮೂಲ ಪುಸ್ತಕದಂತೆ ಇದೆಯೆಂದು ಅದು ಹೇಳದು, ಹೇಳಲೂ ಆರದು. ಪುಟಗಳನ್ನು ಎಣಿಸುವುದು ಮನುಷ್ಯನ ಕೆಲಸ. ಹಿಂದಿನ ಲಿಪಿಕಾರನು ಮೂಲವನ್ನು ಮುಂದಿಟ್ಟುಕೊಂಡೇ ಗ್ರಂಥಸಂಖ್ಯೆಯನ್ನು ಹೋಲಿಸುತ್ತಿದ್ದನು. ನಾವು ಮೂಲವನ್ನು ಅಟ್ಟದ ಮೇಲಿಟ್ಟು ಸಂಖ್ಯೆಯನ್ನು ನಂಬಿದೆವು.

ಅಂದಿನಿಂದ ಕಟ್ಟು ಕಟ್ಟುವ ಮೊದಲು ಪುಟಗಳನ್ನು ಎಣಿಸಿ, ಆ ಎಣಿಕೆಯನ್ನು ಕಡತದ ಹೆಸರಿನಲ್ಲಿಯೇ ಸೇರಿಸುವುದನ್ನು ನಿಯಮ ಮಾಡಿಕೊಂಡಿದ್ದೇವೆ. ಎರಡು ಊರುಗಳಲ್ಲಿ ಪ್ರತಿ ಇಟ್ಟು, ಒಂದನ್ನು ಇಳಿಸಿ, ಪುಸ್ತಕದೊಡನೆ ಪುಟಪುಟವಾಗಿ ಹೋಲಿಸಿದ ಮೇಲೆಯೇ ಮೂಲ ಚಿತ್ರಗಳನ್ನು ಅಳಿಸುತ್ತೇವೆ. ವಾಚಕರಲ್ಲಿ ಆಸಕ್ತರು ಒಂದು ಲೆಕ್ಕವನ್ನು ಮಾಡಿ ನೋಡಬಹುದು: ಸಂಪರ್ಕದ ವೇಗ ಸೆಕೆಂಡಿಗೆ 2 ಮೆಗಾಬಿಟ್ಟಿಗೆ ಇಳಿದರೆ, ಇಡೀ ಕಡತವು ಒಂದೇ ಓಟದಲ್ಲಿ ಸೇರುವ ಸಂಭವವೆಷ್ಟು? ಒಂದು ತುಂಡು ಸೇರುವ ಸಂಭವವೆಷ್ಟು? ಎರಡು ಉತ್ತರಗಳನ್ನೂ ಪಕ್ಕಪಕ್ಕದಲ್ಲಿ ಬರೆದರೆ ತುಂಡುಮಾಡುವುದರ ಪ್ರಯೋಜನವು ತಾನಾಗಿಯೇ ಮನವರಿಕೆಯಾಗುವುದು.