ಊಟದಲ್ಲಿ ಅಡಗಿದ ರೋಗಾಣು: ಬೆಳಕಿನಿಂದ ಪತ್ತೆ

ವಲೀಮಾದ ಬಿರಿಯಾನಿ ಉಂಡ ಮರುದಿನ ನಾಲ್ಕಾರು ಮನೆಗಳಲ್ಲಿ ವಾಂತಿ-ಭೇದಿ ಶುರುವಾದರೆ ಎಲ್ಲರೂ ಕೇಳುವುದು ಒಂದೇ: ಯಾವುದರಿಂದ ಆಯಿತು? ಕೋಳಿಯಿಂದಲೋ, ಅನ್ನದಿಂದಲೋ? ಮೂಸಿ ನೋಡಿ ಹೇಳಲಾಗದು. ಸಾಲ್ಮೊನೆಲ್ಲಾ ಸೇರಿದ ಆಹಾರದ ಬಣ್ಣ, ವಾಸನೆ, ರುಚಿ ಎಷ್ಟೋ ಸಲ ಕೆಟ್ಟಿರುವುದೇ ಇಲ್ಲ.

ಪ್ರಯೋಗಾಲಯದ ಹಳೆಯ ವಿಧಾನದಲ್ಲಿ ರೋಗಾಣುವನ್ನು ಬೆಳೆಸಿ, ಬೇರ್ಪಡಿಸಿ, ಒಂದೊಂದೇ ರಾಸಾಯನಿಕ ಪರೀಕ್ಷೆ ಮಾಡಬೇಕು. ಸಾಲ್ಮೊನೆಲ್ಲಾ ಖಚಿತವಾಗಲು ನಾಲ್ಕೈದು ದಿನ ಬೇಕಾಗುತ್ತದೆ. ಅಷ್ಟರಲ್ಲಿ ಅದೇ ಮಾಂಸ ಇನ್ನೆಷ್ಟು ಮನೆ ಸೇರುತ್ತದೋ!

ಇಲ್ಲಿ ನೆರವಾಗುವುದು ಇನ್‌ಫ್ರಾರೆಡ್, ಅಂದರೆ ಅವಗೆಂಪು ಕಿರಣ. 1800ರಲ್ಲಿ ವಿಲಿಯಂ ಹರ್ಷೆಲ್ ಕಂಡುಹಿಡಿದ, ಕಣ್ಣಿಗೆ ಕಾಣದ ಬೆಳಕಿದು. ಬ್ಯಾಕ್ಟೀರಿಯಾದಲ್ಲಿರುವ ಪ್ರೋಟೀನ್, ಕೊಬ್ಬು, ಸಕ್ಕರೆಯ ಅಂಶಗಳು ಈ ಕಿರಣದ ಬೇರೆ ಬೇರೆ ಭಾಗಗಳನ್ನು ಹೀರುತ್ತವೆ. ಅದನ್ನು ಯಂತ್ರ ಒಂದು ರೇಖೆಯಾಗಿ ಬರೆಯುತ್ತದೆ. ಪ್ರತಿಯೊಂದು ಜಾತಿಯ ಅಣುರಚನೆ ಬೇರೆಯಾದ್ದರಿಂದ ಈ ರೇಖೆ ಹೆಬ್ಬೆರಳ ಗುರುತಿನಂತೆ. ಮೊದಲೇ ಸಂಗ್ರಹಿಸಿಟ್ಟ ರೇಖೆಗಳೊಂದಿಗೆ ಹೋಲಿಸಿದರೆ ಗುರುತು ಸಿಗುತ್ತದೆ. 1991ರಲ್ಲಿ ಜರ್ಮನಿಯ ಡೀಟರ್ ನೌಮನ್ ಮತ್ತು ಸಂಗಡಿಗರು ಈ ವಿಧಾನವನ್ನು 'ನೇಚರ್' ಪತ್ರಿಕೆಯಲ್ಲಿ ವಿವರಿಸಿದ್ದರು.

ಆದರೆ ಬಿರಿಯಾನಿಯ ತಟ್ಟೆಗೆ ಕಿರಣ ಹಾಯಿಸಿದೊಡನೆ ಉತ್ತರ ಬರುವುದಿಲ್ಲ. ಮೊದಲು ರೋಗಾಣುವನ್ನು ಬೆಳೆಸಿ ಶುದ್ಧವಾಗಿ ಬೇರ್ಪಡಿಸಲೇಬೇಕು. ಆಮೇಲಿನ ಗುರುತಿಸುವ ಕೆಲಸ ಮಾತ್ರ ನಿಮಿಷಗಳಲ್ಲಿ ಮುಗಿಯುತ್ತದೆ. ಸಂಗ್ರಹದಲ್ಲಿ ಇಲ್ಲದ ಜಾತಿಯನ್ನು ಯಂತ್ರ ಗುರುತಿಸಲಾರದು.

ಆದ್ದರಿಂದ ನಿಮ್ಮ ಅಡುಗೆಮನೆಯ ಎಚ್ಚರವೇ ಮೊದಲ ಮದ್ದು. ಅನುಕೂಲ ವಾತಾವರಣದಲ್ಲಿ ಕೆಲವು ಬ್ಯಾಕ್ಟೀರಿಯಾ 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತವೆ; ಏಳು ಗಂಟೆಯಲ್ಲಿ ಒಂದು, 20 ಲಕ್ಷ ದಾಟುತ್ತದೆ! ಬೇಯಿಸಿದ್ದನ್ನು ಎರಡು ಗಂಟೆಗಿಂತ ಹೆಚ್ಚು ಹೊರಗಿಡಬೇಡಿ. ಹಸಿ ಮಾಂಸಕ್ಕೂ ತರಕಾರಿಗೂ ಬೇರೆ ಚಾಕು, ಬೇರೆ ಮಣೆ ಇರಲಿ. 'ಮತ್ತೆ ಬಿಸಿ ಮಾಡಿದರಾಯಿತು' ಎನ್ನಬೇಡಿ. ಸ್ಟೆಫಿಲೊಕಾಕಸ್ ಬಿಟ್ಟ ವಿಷ ಕುದಿಸಿದರೂ ಉಳಿಯಬಲ್ಲದು. ಪಾತ್ರೆಗಳನ್ನು ಮುಚ್ಚಿಡಿ ಎಂದು ಪ್ರವಾದಿಯವರು (ಸ) ಕಲಿಸಿದ್ದನ್ನು ನೆನಪಿಡಿ. ಆಹಾರ ಹಲಾಲ್ ಆದರೆ ಸಾಲದು, ತಯ್ಯಿಬ್ ಕೂಡ ಆಗಿರಬೇಕು.

ವಾಂತಿ-ಭೇದಿಯಾದರೆ ಓಆರ್‌ಎಸ್ ಕುಡಿಸುತ್ತಿರಿ. ಶುಂಠಿ, ಸೋಂಪು ಹೊಟ್ಟೆಗೆ ಹಿತವೆಂದು ಯುನಾನಿ ವೈದ್ಯನಾದ ನಾನೂ ಹೇಳುತ್ತೇನೆ; ಆದರೆ ಕಳೆದುಹೋದ ನೀರನ್ನು ಅವು ತುಂಬಲಾರವು. ಮಲದಲ್ಲಿ ರಕ್ತ, ಜೋರು ಜ್ವರ, ಮೂತ್ರ ಕಡಿಮೆಯಾಗುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಮಕ್ಕಳು, ಗರ್ಭಿಣಿಯರು, ವೃದ್ಧರಾದರೆ ಇವಕ್ಕೂ ಕಾಯಬೇಡಿ. ಹಲವರಿಗೆ ಒಟ್ಟಿಗೆ ತೊಂದರೆಯಾಗಿದ್ದರೆ ಉಳಿದ ಊಟವನ್ನು ಚೆಲ್ಲದೆ, ಮುಚ್ಚಿ ಫ್ರಿಜ್‌ನಲ್ಲಿಟ್ಟು ಆರೋಗ್ಯ ಇಲಾಖೆಯವರಿಗೆ ತಿಳಿಸಿ. ಎಂಥ ಯಂತ್ರವಿದ್ದರೂ ಪರೀಕ್ಷೆಗೆ ಮಾದರಿ ಬೇಕಲ್ಲವೇ?