ಒಂದೇ ಪಾಠ, ಮೂರು ಮೆಟ್ಟಿಲು

ಒಂದೇ ವಯಸ್ಸಿನ ಮಕ್ಕಳು ಒಂದೇ ತರಗತಿಯಲ್ಲಿ ಕುಳಿತ ಮಾತ್ರಕ್ಕೆ ಅವರೆಲ್ಲರ ಕಲಿಕೆಯೂ ಒಂದೇ ಹದದಲ್ಲಿರುವುದೆಂದು ಭಾವಿಸಲಾಗದು. ಶಿಡ್ಲಘಟ್ಟ ತಾಲ್ಲೂಕಿನ ಸಾದಲಿಯ ಸೀಮೆಯಲ್ಲಿ ಅನೇಕರ ಮನೆಮಾತು ತೆಲುಗು. ಮನೆಯಲ್ಲಿ ‘ಪಾಲು’, ‘ಪುವ್ವು’ ಎನ್ನುವ ಬಾಲಕಿಯು ಶಾಲೆಯಲ್ಲಿ ‘ಹಾಲು’, ‘ಹೂವು’ ಎಂದು ಬರೆಯಬೇಕಾಗುತ್ತದೆ. ಅವಳೇ ಚಂದ್ರಿಕೆಯ ರೇಷ್ಮೆಗೂಡುಗಳನ್ನು ಎಣಿಸುವುದರಲ್ಲಿ ಎಲ್ಲರಿಗಿಂತ ಮುಂದಿರಬಹುದು. ಉಕ್ತಲೇಖನದಲ್ಲಿ ತಪ್ಪಿದೊಡನೆ ಅವಳನ್ನು ಮಂದಮತಿಯೆಂದು ಕರೆದರೆ, ಆ ಮಾತೇ ಅವಳ ವಿದ್ಯೆಗೆ ಅಡ್ಡಗೋಡೆಯಾದೀತು.

ಮಕ್ಕಳ ಈ ಭೇದವನ್ನು ಮನಗಂಡು, 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ‘ನಲಿ-ಕಲಿ’ ಪದ್ಧತಿಯನ್ನು ಆರಂಭಿಸಲಾಯಿತು. ಮದನಪಲ್ಲಿಯ ಬಳಿಯ ಋಷಿವ್ಯಾಲಿಯ ಗ್ರಾಮಶಾಲೆಗಳನ್ನು ಕಂಡುಬಂದ ಉಪಾಧ್ಯಾಯರು ಪಾಠಗಳನ್ನು ಚಿಕ್ಕ ಮೆಟ್ಟಿಲುಗಳಾಗಿ ವಿಂಗಡಿಸಿ, ಕಾರ್ಡುಗಳನ್ನು ತಾವೇ ಸಿದ್ಧಪಡಿಸಿದರು. 2009–10ರಲ್ಲಿ ಈ ಕ್ರಮವು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆ ವ್ಯಾಪಿಸಿತು.

ಇದರ ಸಾರವನ್ನು ನಾವು ಮನೆಯಲ್ಲಿಯೂ ಬಳಸಬಹುದು. ಹಳೆಯ ರಟ್ಟು, ಹುಣಿಸೆಬೀಜ, ಕಡ್ಡಿಗಳು ಇಷ್ಟಿದ್ದರೆ ಸಾಕು. ಕಾಗುಣಿತಕ್ಕಾಗಿ ಮೂರು ಬಗೆಯ ಕಾರ್ಡುಗಳನ್ನು ಮಾಡೋಣ. ಮೊದಲನೆಯ ಬಗೆಯಲ್ಲಿ ‘ಹಾಲು’, ‘ಹೂವು’ ಮೊದಲಾದ ಸರಳ ಪದಗಳ ಅಕ್ಷರಗಳನ್ನು ಬೇರ್ಪಡಿಸಿ, ಜೋಡಿಸಲು ಕೊಡಬೇಕು. ಎರಡನೆಯದರಲ್ಲಿ ‘ಅಕ್ಕ’, ‘ಬೆಲ್ಲ’ ಎಂಬಂತೆ ಅದೇ ಅಕ್ಷರದ ಒತ್ತುಳ್ಳ ಪದಗಳಿರಲಿ. ಮೂರನೆಯದರಲ್ಲಿ ‘ಪುಸ್ತಕ’, ‘ಚಂದ್ರಿಕೆ’ ಎಂಬಂತೆ ಬೇರೆ ಅಕ್ಷರದ ಒತ್ತುಗಳು ಬರಲಿ.

ವ್ಯವಕಲನಕ್ಕೂ ಇದೇ ಕ್ರಮವು ಸಲ್ಲುತ್ತದೆ. ಮೊದಲಿನವರು 9 ಬೀಜಗಳಿಂದ 4ನ್ನು ತೆಗೆದು ಉಳಿದುದನ್ನು ಎಣಿಸಲಿ. ಎರಡನೆಯವರಿಗೆ ಹತ್ತು ಹತ್ತು ಕಡ್ಡಿಗಳ 4 ಕಟ್ಟುಗಳನ್ನೂ 2 ಬಿಡಿಕಡ್ಡಿಗಳನ್ನೂ ಕೊಟ್ಟು, ಅವುಗಳಿಂದ 17ನ್ನು ತೆಗೆಯಹೇಳಬೇಕು. ಒಂದು ಕಟ್ಟನ್ನು ಬಿಚ್ಚಿದಾಗ ಬಿಡಿಕಡ್ಡಿಗಳು 12 ಆಗುವುವು. ಅವುಗಳಿಂದ 7ನ್ನೂ, ಉಳಿದ 3 ಕಟ್ಟುಗಳಿಂದ 1ನ್ನೂ ತೆಗೆದರೆ 25 ನಿಲ್ಲುತ್ತದೆ. ‘ಹತ್ತನ್ನು ಸಾಲ ತರುವುದು’ ಎಂಬ ಮಾತಿನ ಅರ್ಥವು ಆಗ ಕೈಗೇ ತಿಳಿಯುತ್ತದೆ. ಮೂರನೆಯವರು 42ರಿಂದ 17ನ್ನು ಕಳೆಯುವಂಥ ಒಂದು ಕಥೆಲೆಕ್ಕವನ್ನು ತಾವೇ ರಚಿಸಲಿ.

ಆದರೆ ಒಂದು ಎಚ್ಚರಿಕೆ ಅವಶ್ಯಕ. ಮೆಟ್ಟಿಲುಗಳು ಏರುವುದಕ್ಕಾಗಿ ಇರತಕ್ಕವು, ಕುಳಿತುಬಿಡುವುದಕ್ಕಾಗಿ ಅಲ್ಲ. ಕಾಗುಣಿತದಲ್ಲಿ ಮೊದಲನೆಯ ಮೆಟ್ಟಿಲಲ್ಲಿರುವವಳು ಲೆಕ್ಕದಲ್ಲಿ ಮೂರನೆಯದರಲ್ಲಿರಬಹುದು. ವಾರಕ್ಕೊಮ್ಮೆ ಪರೀಕ್ಷಿಸಿ ಗುಂಪನ್ನು ಬದಲಿಸದಿದ್ದರೆ, ಸಹಾಯಕ್ಕೆಂದು ಮಾಡಿದ ವಿಂಗಡಣೆಯೇ ಅವಮಾನದ ಗುರುತಾಗುವುದು. ತಾಯ್ತಂದೆಗಳೂ ನಮ್ಮ ಹಳೆಯ ವಿದ್ಯಾರ್ಥಿನಿಯರೂ ಮಗುವನ್ನು ‘ನಿನಗೆಷ್ಟು ಅಂಕ ಬಂತು?’ ಎನ್ನುವುದಕ್ಕೆ ಮೊದಲು ‘ನಿನ್ನೆ ಬಾರದಿದ್ದುದು ಇಂದು ಯಾವುದು ಬಂತು?’ ಎಂದು ಕೇಳುವರೆಂದು ಆಶಿಸುತ್ತೇವೆ.